ಡಿಸ್ಕ್ ಕಾಣದಿದ್ದರೆ ಗಾಬರಿ ಬೇಡ

ವಿಂಡೋಸನ್ನು ಮತ್ತೆ ಹಾಕಲು ಕುಳಿತವರು ಹೆಚ್ಚಾಗಿ ಸಿಕ್ಕಿಬೀಳುವುದು ಡಿಸ್ಕ್ ಆರಿಸುವ ಪರದೆಯಲ್ಲಿ. ಅಲ್ಲಿ ಬರುವ ಎರಡು ದೋಷಗಳಿಗೆ ಪರಿಹಾರ ಸುಲಭ. ಆದರೆ ಅವಸರದಲ್ಲಿ ತಪ್ಪು ಆಜ್ಞೆ ಕೊಟ್ಟರೆ ವರ್ಷಗಳ ಫೋಟೊಗಳು ಮಾಯ.

ಮೊದಲನೆಯದು, ಡಿಸ್ಕ್ ಪಟ್ಟಿಯೇ ಖಾಲಿ. ಬಯೋಸ್‌ನಲ್ಲಿ ಎಸ್‌ಎಸ್‌ಡಿಯ ಹೆಸರು ಕಾಣುತ್ತಿದೆಯೇ ನೋಡಿ. ಕಂಡರೆ ಹೊಸ ಡಿಸ್ಕ್ ಕೊಳ್ಳಲು ಓಡಬೇಡಿ. ಇಂಟೆಲ್‌ನ 11ನೇ ತಲೆಮಾರು ಮತ್ತು ನಂತರದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯನ್ನು ವಿಎಂಡಿ ಎಂಬ ವ್ಯವಸ್ಥೆ ನಿಭಾಯಿಸುತ್ತದೆ. ಅದರ ಡ್ರೈವರ್ ಇಲ್ಲದಿದ್ದರೆ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣದು. ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ನಿಮ್ಮ ಮಾದರಿಯ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಫೈಲನ್ನು ಬಿಡಿಸಿ ಪೆನ್‌ಡ್ರೈವ್‌ಗೆ ಹಾಕಿ, 'ಲೋಡ್ ಡ್ರೈವರ್' ಒತ್ತಿ.

ಎರಡನೆಯದು, ಡಿಸ್ಕ್ ಜಿಪಿಟಿ ಶೈಲಿಯದು, ಇಲ್ಲಿ ವಿಂಡೋಸ್ ಹಾಕಲಾಗದು ಎಂಬ ಸಂದೇಶ. ಪೆನ್‌ಡ್ರೈವ್ ಹಳೆಯ ಲೆಗಸಿ ವಿಧಾನದಲ್ಲಿ ಬೂಟ್ ಆಗಿದೆ ಎಂಬುದೇ ಇದರರ್ಥ. ರೀಸ್ಟಾರ್ಟ್ ಮಾಡಿ, ಬೂಟ್ ಮೆನುವಿನಲ್ಲಿ ಅದೇ ಪೆನ್‌ಡ್ರೈವ್‌ನ ಹೆಸರಿನ ಜೊತೆ ಯುಇಎಫ್ಐ ಎಂದಿರುವುದನ್ನು ಆರಿಸಿ.

ಇದಕ್ಕೆ ಡಿಸ್ಕ್‌ಪಾರ್ಟ್‌ನ 'ಕ್ಲೀನ್' ಆಜ್ಞೆಯನ್ನು ಹೇಳಿಕೊಡುವವರು ಬಹಳ. ಅದು ಸಿ ಡ್ರೈವನ್ನಷ್ಟೇ ಅಲ್ಲ, ಅದೇ ಡಿಸ್ಕ್‌ನಲ್ಲಿರುವ ಡಿ ಡ್ರೈವನ್ನೂ ಅಳಿಸುತ್ತದೆ.

ಇನ್ನೊಂದು ಮಾತು. ಡಿ ಡ್ರೈವ್‌ಗೆ ಬಿಟ್‌ಲಾಕರ್ ಬೀಗವಿದ್ದರೆ, ಹೊಸ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಕೆಲಸ ಶುರುಮಾಡುವ ಮೊದಲೇ ಅದನ್ನು ಕಾಗದದಲ್ಲಿ ಬರೆದಿಡಿ.