ಸಂಗಾತಿಯ ನಾಲಗೆ

ಕಾವ್ಯಮೀಮಾಂಸೆಯನ್ನು ಪಾಠ ಹೇಳುವವರಿಗೆ ‘ರಸ’ವೆಂಬ ಮಾತು ದಿನನಿತ್ಯದ ಬಳಕೆಯದು. ಆ ಮಾತು ಮೊದಲು ನಾಲಗೆಗೆ ಸೇರಿದ್ದು, ಕಾವ್ಯಕ್ಕೆ ಬಂದದ್ದು ಆಮೇಲೆ ಎಂಬುದನ್ನು ತರಗತಿಯಲ್ಲಿ ಒಮ್ಮೆ ಹೇಳಿ ನಾವು ಮುಂದಕ್ಕೆ ಹೋಗಿಬಿಡುತ್ತೇವೆ. ಅಮೆರಿಕದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ನಮ್ಮ ತಾಳ್ಯದ ಕಡೆಯವನೇ, ಈಚೆಗೆ ನನ್ನನ್ನು ಆ ಮೊದಲಿನ ಅರ್ಥಕ್ಕೇ ಎಳೆದು ತಂದ. ಬಿಡುವಿನ ದಿನಗಳಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವುದು ಅವನ ಹವ್ಯಾಸ. ತಾನು ಮಾಡಿದ್ದನ್ನು ಗೆಳೆಯರೆಲ್ಲ ಹೊಗಳುತ್ತಾರೆ, ಹೆಂಡತಿ ಮಾತ್ರ ಒಂದು ಗುಟುಕಿಗೆ ಲೋಟ ಇಟ್ಟುಬಿಡುತ್ತಾಳೆ; ಅವಳಿಗೆ ಒಪ್ಪುವ ಬಗೆಯನ್ನು ಆರಿಸುವುದು ಹೇಗೆ ಮೇಷ್ಟ್ರೆ, ಎಂದು ಅವನ ಪ್ರಶ್ನೆ. ಕನ್ನಡದ ಅಧ್ಯಾಪಕನನ್ನು ಕೇಳುವ ಪ್ರಶ್ನೆಯೇ ಇದು ಎಂದು ವಾಚಕರು ನಗಬಹುದು. ಆದರೆ ಇದು ಬಿಯರಿನ ಪ್ರಶ್ನೆಗಿಂತ ಹೆಚ್ಚಾಗಿ ಅಭಿರುಚಿಯ ಪ್ರಶ್ನೆ. ಅದಕ್ಕಿಂತ ಹೆಚ್ಚಾಗಿ ದಾಂಪತ್ಯದ ಪ್ರಶ್ನೆ.

ಚಿತ್ರದುರ್ಗದ ನೆಲದಲ್ಲಿ ಕುಳಿತು ಇಂಥ ವಿಷಯವನ್ನು ಹಗುರವಾಗಿ ಬರೆಯುವಂತಿಲ್ಲ. ೨೦೧೯ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಇದೇ ಚಿತ್ರದುರ್ಗದಿಂದ ಬೆಂಗಳೂರಿಗೆ, ಸುಮಾರು ಇನ್ನೂರು ಕಿಲೋಮೀಟರು ದಾರಿಯನ್ನು, ಕಾಲುನಡಿಗೆಯಲ್ಲಿ ಕ್ರಮಿಸಿದರು. ಅವರ ಬೇಡಿಕೆ ಒಂದೇ: ರಾಜ್ಯದಲ್ಲಿ ಮದ್ಯ ನಿಷೇಧವಾಗಬೇಕು. ಅದಕ್ಕೂ ಹಿಂದೆ, ೨೦೦೭ರ ಜುಲೈ ೧ರಿಂದ, ಸರ್ಕಾರ ಸಾರಾಯಿಯನ್ನು ನಿಷೇಧಿಸಿತ್ತು. ಸಾರಾಯಿ ಹೋದರೂ ಕುಡಿತ ಹೋಗಲಿಲ್ಲ. ಹೋಗದ್ದರಿಂದಲೇ ಆ ತಾಯಂದಿರು ನಡೆಯಬೇಕಾಯಿತು. ಗಂಡ ಕುಡಿದು ಬಂದ ರಾತ್ರಿಗಳ ನೆನಪನ್ನು ಹೊತ್ತು ನಡೆದವರ ಊರಿನಲ್ಲಿ, ‘ಹೆಂಡತಿಗೆ ಒಪ್ಪುವ ಬಿಯರ್ ಯಾವುದು’ ಎಂಬ ಮಾತು ಅಣಕದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಹಾಗಿದ್ದರೂ ಪ್ರಶ್ನೆಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ಹೆಂಗಸರ ಸಂಕಟವನ್ನೂ ಈ ಹುಡುಗನ ಪ್ರಶ್ನೆಯನ್ನೂ ಎದುರುಬದುರಾಗಿಟ್ಟು ನೋಡಿದರೆ, ಎರಡರ ನಡುವೆ ಒಂದು ಎಳೆ ಕಾಣುತ್ತದೆ. ಮನೆಯ ಹಣ ಹೊರಗೆ ಹೋಗಿ ಮದ್ಯವಾದಾಗ ಅವರನ್ನು ಯಾರೂ ‘ನಿನಗೇನು ಬೇಕು’ ಎಂದು ಕೇಳಿರಲಿಲ್ಲ. ಇಲ್ಲಿ ಒಬ್ಬ ಗಂಡ ಆ ಮಾತನ್ನು ಕೇಳಲು ಹೊರಟಿದ್ದಾನೆ. ಅವನು ಪ್ರಾಮಾಣಿಕವಾಗಿ ಕೇಳಿದನೆ, ಉತ್ತರವನ್ನು ಪೂರ್ತಿ ಕೇಳಿಸಿಕೊಂಡನೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ಕಾನೂನಿನ ಮಾತನ್ನು ಮುಗಿಸೋಣ. ನಮ್ಮಲ್ಲಿ ೧೯೬೫ರ ಕರ್ನಾಟಕ ಅಬಕಾರಿ ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದುದರಿಂದ ಈ ಹವ್ಯಾಸ ಊರಿನಲ್ಲಿರುವವರಿಗೆ ಸಲ್ಲದು. ಇಂಗ್ಲೆಂಡಿನಲ್ಲಿ ೧೯೬೩ರಿಂದ ಮನೆಬಳಕೆಯ ಬಿಯರಿಗೆ ಪರವಾನಗಿ ಬೇಕಿಲ್ಲವೆಂದಾಯಿತು. ಅಮೆರಿಕದಲ್ಲಿ ೧೯೭೮ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಮಾಡಿದ ಕಾಯಿದೆಯಿಂದ ಮನೆಯ ಬಿಯರು ತೆರಿಗೆಯಿಂದ ಪಾರಾಯಿತು. ಆ ಕಾಯಿದೆಯ ಲೆಕ್ಕ ಸ್ವಾರಸ್ಯವಾದುದು: ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ವರ್ಷಕ್ಕೆ ೧೦೦ ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ ೨೦೦ ಗ್ಯಾಲನ್. ಅಂದರೆ ಮದುವೆಯಾದ ಮರುದಿನ ಗಂಡಿನ ಪಾತ್ರೆ ಇಮ್ಮಡಿಯಾಗುತ್ತದೆ! ಆ ಎರಡನೆಯ ನೂರು ಗ್ಯಾಲನ್ ಯಾರ ರುಚಿಗೆ ತಕ್ಕದ್ದಾಗಿರಬೇಕೆಂದು ಕಾನೂನು ಹೇಳುವುದಿಲ್ಲ. ಕಾನೂನು ತಲೆಗಳನ್ನು ಎಣಿಸಬಲ್ಲುದು. ನಾಲಗೆಗಳನ್ನು ಅರಿಯುವ ಕೆಲಸ ಮನೆಯವರದು.

ಈ ಹವ್ಯಾಸಿಗಳು ಸಾಮಾನ್ಯವಾಗಿ ಮಾಡುವುದೇನು? ತಮಗೆ ಪ್ರಿಯವಾದುದನ್ನು ತಯಾರಿಸುತ್ತಾರೆ. ಅದು ಬಹುಮಟ್ಟಿಗೆ ಹಾಪ್ ಹೂವಿನ ಕಹಿ ಏರಿದ ಬಿಯರು. ಅದನ್ನು ಸಂಗಾತಿಯ ಮುಂದಿಟ್ಟು, ‘ರೂಢಿಯಾದರೆ ನಿನಗೂ ಹಿಡಿಸುತ್ತದೆ’ ಎನ್ನುತ್ತಾರೆ. ಇದು ರುಚಿಯ ಆತಿಥ್ಯವಲ್ಲ, ರುಚಿಯ ದೀಕ್ಷೆ. ನಾವು ಅಧ್ಯಾಪಕರೂ ಇದೇ ಧೋರಣೆಯವರು. ನಮಗೆ ಮೆಚ್ಚುಗೆಯಾದ ಪದ್ಯ ಹುಡುಗರಿಗೆ ಹಿಡಿಸದಿದ್ದರೆ ಕೊರತೆ ಹುಡುಗರಲ್ಲಿದೆಯೆಂದು ತೀರ್ಮಾನಿಸುತ್ತೇವೆ. ಇನ್ನು ಕೆಲವರು ಇದಕ್ಕೆ ವಿರುದ್ಧವಾದ ದಾರಿ ಹಿಡಿಯುತ್ತಾರೆ: ‘ಹೆಂಗಸರಿಗಲ್ಲವೆ’ ಎಂದು ಒಂದಿಷ್ಟು ಹಣ್ಣಿನ ರಸ, ಒಂದಿಷ್ಟು ಸಕ್ಕರೆ ಸುರಿದು ತೆಳುವಾದ ಸಿಹಿನೀರನ್ನು ಕೊಡುತ್ತಾರೆ. ಮೊದಲನೆಯದು ಅವಳ ನಾಲಗೆಯನ್ನು ತಿದ್ದಹೊರಡುತ್ತದೆ, ಎರಡನೆಯದು ಅವಳಿಗೆ ನಾಲಗೆಯೇ ಇಲ್ಲವೆಂದು ಬಗೆಯುತ್ತದೆ. ಎರಡರಲ್ಲೂ ಅವಳು ಯಾರೆಂದು ತಿಳಿಯುವ ಪ್ರಯತ್ನವಿಲ್ಲ.

ಹಾಗಾದರೆ ತಿಳಿಯುವುದೆಂತು? ಬಿಯರಿನ ಪಟ್ಟಿಯನ್ನು ಪಕ್ಕಕ್ಕಿಟ್ಟು ಅಡಿಗೆಮನೆಯತ್ತ ನೋಡಬೇಕೆಂದು ನನ್ನ ಉತ್ತರ. ಅವಳಿಗೆ ಹಾಲು ಕಡಿಮೆಯಾದ ಗಟ್ಟಿ ಡಿಕಾಕ್ಷನ್ ಕಾಫಿ ಪ್ರಿಯವೆ? ಹಾಗಾದರೆ ಹುರಿದ ಬಾರ್ಲಿಯಿಂದ ಮಾಡುವ ಸ್ಟೌಟ್ ಎಂಬ ಕಪ್ಪು ಬಿಯರು ಅವಳಿಗೆ ಅಪರಿಚಿತವೆನಿಸದು. ಕಾಫಿಬೀಜವನ್ನು ಹುರಿದಾಗ ಏಳುವ ಕಂಪಿಗೂ ಹುರಿದ ಧಾನ್ಯದ ಕಂಪಿಗೂ ನೆಂಟಸ್ತಿಕೆಯುಂಟು. ಹಾಲು ಸಕ್ಕರೆ ಧಾರಾಳವಾಗಿ ಬೇಕೆನ್ನುವವಳಾದರೆ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಬೆರೆಸುವ ಸ್ಟೌಟ್ ಉಂಟು. ಬಿಯರಿನ ಯೀಸ್ಟು ಆ ಸಕ್ಕರೆಯನ್ನು ಅರಗಿಸಿಕೊಳ್ಳಲಾರದು, ಸಿಹಿ ಹಾಗೆಯೇ ಉಳಿಯುತ್ತದೆ. ರಸಬಾಳೆ, ಲವಂಗಗಳ ಪರಿಮಳ ಅವಳಿಗೆ ಇಷ್ಟವೆ? ಜರ್ಮನಿಯ ಬವೇರಿಯಾ ಪ್ರಾಂತದ ಗೋಧಿಯ ಬಿಯರಿನಲ್ಲಿ ಬಾಳೆಹಣ್ಣನ್ನಾಗಲಿ ಲವಂಗವನ್ನಾಗಲಿ ಹಾಕುವುದಿಲ್ಲ. ಆದರೆ ಅದಕ್ಕೆ ಬಳಸುವ ಯೀಸ್ಟು ತಾನಾಗಿ ಆ ಎರಡು ಪರಿಮಳಗಳನ್ನೂ ಹುಟ್ಟಿಸುತ್ತದೆ. ಹಾಗಲಕಾಯಿಯ ಗೊಜ್ಜನ್ನೂ ಮೆಂತ್ಯದ ಕಹಿಯನ್ನೂ ಆಸೆಪಟ್ಟು ಉಣ್ಣುವವಳಾದರೆ ಮಾತ್ರ ಹಾಪಿನ ಕಹಿಯತ್ತ ಹೋಗಬಹುದು.

ಇವೆಲ್ಲಕ್ಕಿಂತ ನಮ್ಮವರಿಗೆ ಹತ್ತಿರವಾದ ಬಗೆ ಇನ್ನೊಂದಿದೆ. ಜರ್ಮನಿಯ ಗೊಸ್ಲಾರ್ ಪಟ್ಟಣದಿಂದ ಹೆಸರು ಪಡೆದು ಲೈಪ್‌ಜಿಗ್‌ನಲ್ಲಿ ಬೆಳೆದ ‘ಗೋಸೆ’ ಎಂಬ ಹುಳಿ ಬಿಯರಿಗೆ ಉಪ್ಪನ್ನೂ ಕೊತ್ತಂಬರಿ ಬೀಜವನ್ನೂ ಹಾಕುತ್ತಾರೆ. ಹುಳಿ, ಉಪ್ಪು, ಕೊತ್ತಂಬರಿ! ಇದು ನಮ್ಮ ನೀರುಮಜ್ಜಿಗೆಯ ದೂರದ ಬಂಧುವಲ್ಲದೆ ಮತ್ತೇನು? ಎರಡರಲ್ಲೂ ಹುಳಿಯನ್ನು ಹುಟ್ಟಿಸುವುದು ಹೆಚ್ಚುಕಡಿಮೆ ಒಂದೇ ಕುಲದ ಸೂಕ್ಷ್ಮಜೀವಿಗಳು. ಬೇಸಿಗೆಯ ಮಧ್ಯಾಹ್ನ ಮಜ್ಜಿಗೆ ಬೇಡಿ ಬೆಳೆದವಳಿಗೆ, ಕಹಿ ಬಿಯರಿನ ಒಂದು ಗುಟುಕಿಗೆ ಮುಖ ಸಿಂಡರಿಸಿದವಳಿಗೆ, ಇದು ರುಚಿಸಿದರೆ ನಾನು ಬೆರಗಾಗಲಾರೆ. ಗಂಡ ಸಾಗರದಾಚೆ ಹುಡುಕಿದ ಉತ್ತರ ಅವಳ ತವರಿನ ಮಜ್ಜಿಗೆಯ ಗಡಿಗೆಯಲ್ಲೇ ಇದ್ದಿರಬಹುದು.

ಗಡಿಗೆಯ ಮಾತು ಬಂದಾಗ ನಮ್ಮ ಅಂಬಲಿಯನ್ನು ನೆನೆಯದೆ ಇರಲಾಗದು. ರಾಗಿಯ ಹಿಟ್ಟನ್ನು ತೆಳ್ಳಗೆ ಕಾಯಿಸಿ, ಗಡಿಗೆಯಲ್ಲಿಟ್ಟು, ರಾತ್ರಿ ಕಳೆದು ಹುಳಿ ಬಂದ ಮೇಲೆ ಮಜ್ಜಿಗೆ, ಉಪ್ಪು, ಈರುಳ್ಳಿ ಸೇರಿಸಿ ಕುಡಿಯುವ ಈ ಪಾನೀಯ ಹೊಳಲ್ಕೆರೆ ಸೀಮೆಯ ರಾಗಿಯ ಮನೆಗಳಿಗೆ ಹೊಸದಲ್ಲ. ಅದರಲ್ಲಿ ಅಮಲಿಲ್ಲ, ಕಲೆಯುಂಟು. ಬೇಸಿಗೆಯಲ್ಲಿ ಹುಳಿ ಬೇಗ ಏರುತ್ತದೆ, ಚಳಿಗಾಲದಲ್ಲಿ ಮೆಲ್ಲಗೆ. ಹೊಲದಿಂದ ಬಿಸಿಲಲ್ಲಿ ಬಂದವನಿಗೆ ಹುಳಿ ಮುಂದಾಗಿರಬೇಕು, ಕೆಮ್ಮುವ ಮುದುಕನಿಗೆ ಹಿಂದಾಗಿರಬೇಕು, ಮಗುವಿಗೆ ಇನ್ನೂ ಹುಳಿ ಹಿಡಿಯದ ಗಂಜಿಯನ್ನು ಮೊದಲೇ ತೆಗೆದಿಡಬೇಕು. ಇದನ್ನೆಲ್ಲ ಗಡಿಯಾರವಿಲ್ಲದೆ, ಅಳತೆಯಿಲ್ಲದೆ, ಮೂಗಿನಿಂದಲೇ ನಿರ್ಧರಿಸಿದ ಗೃಹಿಣಿ ಸಂಗಾತಿಯ ರುಚಿಗೆ ತಕ್ಕಂತೆ ಹುದುಗಿಸುವ ವಿದ್ಯೆಯಲ್ಲಿ ಯಾರಿಗೂ ಕಡಮೆಯಲ್ಲ. ಅವಳ ವಿದ್ಯೆಗೆ ಹೆಸರಿರಲಿಲ್ಲ, ಅಷ್ಟೆ.

ವಿಶಾಲ ಜಗತ್ತಿನಲ್ಲೂ ಈ ವಿದ್ಯೆ ಮೊದಲು ಹೆಂಗಸರದೇ. ಸುಮೇರಿಯದ ಜನ ಬಿಯರಿಗೆ ನಿನ್ಕಾಸಿ ಎಂಬ ದೇವಿಯನ್ನು ಇಟ್ಟಿದ್ದರು. ಕ್ರಿಸ್ತಪೂರ್ವ ೧೮೦೦ರ ಸುಮಾರಿನ ಜೇಡಿಮಣ್ಣಿನ ಹಲಗೆಗಳಲ್ಲಿ ಅವಳ ಸ್ತುತಿ ಉಳಿದಿದೆ. ನಮ್ಮ ರಾಗಿಯ ತವರಾದ ಪೂರ್ವ ಆಫ್ರಿಕದಲ್ಲಿ ರಾಗಿಯಿಂದ ಬಿಯರ್ ಮಾಡುವ ಸಂಪ್ರದಾಯವಿದೆ. ನೇಪಾಳದ ಪೂರ್ವಭಾಗದಲ್ಲಿ ಹುದುಗಿಸಿದ ರಾಗಿಗೆ ಬಿಸಿನೀರು ಹೊಯ್ದು, ಬಿದಿರಿನ ನಳಿಕೆಯಿಂದ ಹೀರುವ ‘ತೋಂಗ್ಬಾ’ ಅತಿಥಿಸತ್ಕಾರದ ಪಾನೀಯ. ಮೊಳಕೆ ಬರಿಸಿದ ಧಾನ್ಯದಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಶಕ್ತಿ ಹುಟ್ಟುತ್ತದೆ. ಬಿಯರಿನ ಮೂಲತತ್ತ್ವ ಅದೇ. ಕಿರುಧಾನ್ಯಗಳಲ್ಲಿ ಮಾಲ್ಟಿಗೆ ರಾಗಿ ಚೆನ್ನಾಗಿ ಒಗ್ಗುತ್ತದೆ. ಹೀಗೆ ಒಂದೇ ಕಾಳು ನಮ್ಮಲ್ಲಿ ಮುದ್ದೆಯಾಗಿದೆ, ಅಂಬಲಿಯಾಗಿದೆ, ಕೂಸಿನ ಮಾಲ್ಟಾಗಿದೆ, ಬೇರೆಡೆ ಬಿಯರಾಗಿದೆ. ಯಾವುದಾಗಬೇಕೆಂಬುದನ್ನು ಕುಡಿಯುವವರ ಅಗತ್ಯ ತೀರ್ಮಾನಿಸುತ್ತದೆ.

ನಮ್ಮ ಸಾಹಿತ್ಯಕ್ಕೂ ಪಾನದ ವಿಷಯ ಹೊಸದಲ್ಲ. ಮಹಾಕಾವ್ಯದ ವರ್ಣನೆಗಳಲ್ಲಿ ಪಾನಗೋಷ್ಠಿಯೂ ಒಂದು. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿಯೂ ಅದು ಉಂಟು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನೂ ಒಬ್ಬ ವಚನಕಾರ. ನಮ್ಮ ಕಾಲಕ್ಕೆ ಹತ್ತಿರದಲ್ಲಿ ಜಿ. ಪಿ. ರಾಜರತ್ನಂ ಅವರ ರತ್ನನಿದ್ದಾನೆ. ದೇವರೇ ಎದುರಿಗೆ ಬಂದು ಕೇಳಿದರೆ ಹೆಂಡವನ್ನು ಬಿಟ್ಟಾನು, ಹೆಂಡತಿಯನ್ನೂ ಬಿಟ್ಟಾನು, ಕನ್ನಡದ ಪದವನ್ನು ಮಾತ್ರ ಬಿಡನು. ಈ ಮಾತನ್ನು ನಾವು ಕನ್ನಡದ ಅಧ್ಯಾಪಕರು ಎಷ್ಟು ಹೆಮ್ಮೆಯಿಂದ ತರಗತಿಯಲ್ಲಿ ಹೇಳಿದ್ದೇವೆ! ಹುಡುಗರು ಚಪ್ಪಾಳೆ ತಟ್ಟಿದ್ದಾರೆ. ಭಾಷಾಪ್ರೇಮದ ಮಟ್ಟಿಗೆ ಅದು ಸರಿಯೇ. ಆದರೆ ಹೆಂಡದ ಪಕ್ಕದಲ್ಲಿ ತನ್ನನ್ನೂ ಸಾಲಿಗಿಟ್ಟು ಎಣಿಸಿದ ಆ ಹೆಂಡತಿಗೆ ಏನೆನ್ನಿಸಿತು ಎಂದು ಯಾವ ಪ್ರಶ್ನಪತ್ರಿಕೆಯಲ್ಲೂ ನಾನು ಕಂಡಿಲ್ಲ.

ಇಲ್ಲಿಗೇ ನನ್ನ ಮಾತಿನ ತಿರುಳು ಬರುತ್ತದೆ. ನಮ್ಮ ಮನೆಗಳಲ್ಲಿ ಗಂಡಸಿಗೆ ಉಪ್ಪು ಎಷ್ಟು, ಖಾರ ಎಷ್ಟು, ಕಾಫಿಗೆ ಸಕ್ಕರೆ ಎಷ್ಟು ಎಂಬುದು ಮನೆಮಂದಿಗೆಲ್ಲ ಬಾಯಿಪಾಠ. ಅದೇ ಮನೆಯ ತಾಯಿಗೆ ಏನು ಪ್ರಿಯ ಎಂದು ಮಕ್ಕಳನ್ನು ಕೇಳಿದರೆ ಅನೇಕರು ತಡವರಿಸುತ್ತಾರೆ. ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಂಡವಳ ರುಚಿ ಹೊರಗೆ ಕಾಣುವುದೆಂತು? ‘ನಿನಗೇನು ಬೇಕು’ ಎಂದು ಕೇಳಿದರೂ ‘ಯಾವುದಾದರೂ ಆಗುತ್ತೆ’ ಎಂಬ ಉತ್ತರ ಬರುವುದು ಅದಕ್ಕೇ. ಅದು ಒಪ್ಪಿಗೆಯ ಮಾತಲ್ಲ; ಬಹುಕಾಲ ಕೇಳದೆ ಇದ್ದುದರ ಫಲ. ಆದುದರಿಂದ ಬಾಯಿಮಾತಿನ ಪ್ರಶ್ನೆಯೊಂದೇ ಸಾಲದು. ಇಪ್ಪತ್ತು ಲೀಟರು ಮಾಡುವ ಬದಲು ಮೊದಲು ನಾಲ್ಕು ಲೀಟರು ಮಾಡಲಿ. ‘ಹೇಗಿದೆ’ ಎಂದು ಎದುರಿಗೆ ನಿಂತು ಕೇಳಿದರೆ, ಮನಸ್ಸು ನೋಯಿಸಲಾರದೆ ‘ಚೆನ್ನಾಗಿದೆ’ ಎಂದುಬಿಡುತ್ತಾಳೆ. ಲೋಟದಲ್ಲಿ ಎಷ್ಟು ಉಳಿಯಿತೆಂದು ನೋಡಲಿ. ಅವಳು ತಾನಾಗಿ ಎರಡನೆಯ ಸಲ ಕೈಚಾಚಿದಳೆ ಎಂದು ನೋಡಲಿ.

ಹೀಗೆ ಮಾಡಿದರೆ ತಯಾರಿಸುವವನ ಸ್ವಂತಿಕೆ ಉಳಿಯುತ್ತದೆಯೆ ಎಂದು ಕೇಳುವವರುಂಟು. ಸಹೃದಯನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕವಿ ಕೀಳಾಗುವುದಿಲ್ಲ. ಓದುಗನನ್ನು ಓಲೈಸಲು ತನಗೇ ಒಪ್ಪದ್ದನ್ನು ಬರೆದಾಗ ಕೀಳಾಗುತ್ತಾನೆ. ಧಾನ್ಯ ಒಳ್ಳೆಯದಿರಲಿ, ಪಾತ್ರೆ ಶುದ್ಧವಾಗಿರಲಿ, ಹುದುಗು ತನ್ನ ಕಾಲ ಪೂರೈಸಲಿ. ಈ ವಿಷಯಗಳಲ್ಲಿ ರಾಜಿ ಬೇಡ. ಬಗೆಯ ಆಯ್ಕೆಯನ್ನು ಇನ್ನೊಬ್ಬರ ನಾಲಗೆಗೆ ಬಿಟ್ಟುಕೊಟ್ಟರೆ ಕೌಶಲಕ್ಕೆ ನಷ್ಟವೇನೂ ಇಲ್ಲ.

ಕಡೆಗೊಂದು ಮಾತು, ಎಲ್ಲಕ್ಕಿಂತ ಮುಖ್ಯವಾದುದು. ಬಗೆಗಳ ಪಟ್ಟಿಯಲ್ಲಿ ‘ಯಾವುದೂ ಬೇಡ’ ಎಂಬುದೂ ಒಂದಾಗಿರಬೇಕು. ಆ ಉತ್ತರಕ್ಕೆ ಎಡೆಯಿಲ್ಲದ ಪ್ರಶ್ನೆ ಪ್ರಶ್ನೆಯೇ ಅಲ್ಲ. ಅದು ಬಲವಂತಕ್ಕೆ ತೊಡಿಸಿದ ನಯವಾದ ಬಟ್ಟೆ. ಚಿತ್ರದುರ್ಗದಿಂದ ನಡೆದು ಹೋದ ಹೆಂಗಸರು ಹೇಳಿದ್ದು ಆ ಉತ್ತರವನ್ನೇ. ಮನೆಯೊಳಗೆ ಅದನ್ನು ಕೇಳಿಸಿಕೊಳ್ಳುವವರಿದ್ದಿದ್ದರೆ ರಾಜಧಾನಿಯವರೆಗೆ ಹೋಗಿ ಹೇಳುವ ಪ್ರಮೇಯ ಅನೇಕರಿಗೆ ಬರುತ್ತಿರಲಿಲ್ಲ. ಸಂಗಾತಿ ಬೇಡವೆಂದರೆ ಹುಡುಗ ಬೇಸರಪಡಬೇಕಿಲ್ಲ. ಮೊಳಕೆ ಕಟ್ಟುವ, ಒಣಗಿಸುವ, ಹದವರಿತು ಹುದುಗಿಸುವ ಕೈ ಅವನಿಗೆ ಬಂದಿದೆ. ಒಂದು ಸೇರು ರಾಗಿ ತರಿಸಿ ಅಂಬಲಿ ಮಾಡಲಿ. ಹುಳಿ ಎಷ್ಟಿರಬೇಕೆಂದು ಅವಳು ಹೇಳಲಿ.