ಸಣ್ಣ ಟ್ರ್ಯಾಕ್ಟರ್ ನೋಡಿ ನಗಬ್ಯಾಡ್ರಿ

1/6
ಫೋಟೊದಾಗ ಇರೋದು ನಮ್ಮ ಕಾಕಾನ ಹಳೇ ಮಿತ್ಸುಬಿಷಿ ಶಕ್ತಿ. ಬಣ್ಣ ಹೋಗೇತಿ, ಸೀಟಿಗೆ ಗೋಣಿಚೀಲ ಹಾಸೇವಿ. ಮೊನ್ನೆ ಸ್ಟೋರಿ ಹಾಕಿದಾಗ ನಮ್ಮ ಕ್ಲಾಸಿನವರೇ "ಆಟಗಿ ಸಾಮಾನೇನಲೇ ಇದು?" ಅಂದ್ರಿ. ಇರ್ಲಿ. ಆರೂ ಕ್ಯಾಪ್ಶನ್ ಓದ್ರಿ, ಆಮೇಲೆ ನಗ್ರಿ.

2/6
1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ ಕಂಪನಿ, ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಮೊದಲು ಪವರ್ ಟಿಲ್ಲರ್ ಮಾಡ್ತು. ಆಮೇಲೆ ಬಂದದ್ದು ಈ ಎಂಟಿ 180ಡಿ. 18.5 ಎಚ್‌ಪಿ, ಮೂರು ಸಿಲಿಂಡರ್, ತೂಕ ಒಂದು ಟನ್ನಿನ ಒಳಗ, ಅಗಲ ನಾಕು ಅಡಿ ಒಳಗ. ಜಪಾನಿನಾಗ ಗದ್ದಿ ಸಣ್ಣವು, ಅವರು ಹೊಲ ನೋಡಿ ಮಷಿನ್ ಮಾಡಿದ್ರು. ನಾವು ರೀಲ್ಸ್ ನೋಡಿ ಮಷಿನ್ ತರ್ತೀವಿ.

3/6
2015–16ರ ಕೃಷಿ ಗಣತಿ ಪ್ರಕಾರ ದೇಶದ ಹಿಡುವಳಿಗಳಲ್ಲಿ ಸುಮಾರು ಶೇ 86ರಷ್ಟು ಐದು ಎಕರೆ ಒಳಗಿನವು. ಕಾಕಾಂದು ಎರಡು ಎಕರೆ: ಉಳ್ಳಾಗಡ್ಡಿ, ಬದನಿ, ಮೆಣಸಿನಕಾಯಿ. ಅದರಾಗ 50 ಎಚ್‌ಪಿ ಟ್ರ್ಯಾಕ್ಟರ್ ಹೊಳ್ಳಸಾಕ ಹೋದ್ರ ಒಡ್ಡಿನ ಬದಿಗಿನ ಎರಡು ಸಾಲು ಗಾಲಿ ಕೆಳಗ ಹೋಗ್ತಾವು. ಹಸಿ ಎರಿ ಮಣ್ಣಿನ ಮ್ಯಾಲೆ ಎರಡು ಟನ್ ಓಡಾಡಿದ್ರ ಮಣ್ಣು ಬಿಗಿತೈತಿ, ನೀರು ಇಂಗಂಗಿಲ್ಲ, ಬೇರು ಇಳಿಯಂಗಿಲ್ಲ.

4/6
ದೊಡ್ಡದು ಬ್ಯಾಡೇ ಬ್ಯಾಡ ಅಂತ ನಾ ಹೇಳಾಕತ್ತಿಲ್ಲ. ಬೈಲಹೊಂಗಲ, ಸವದತ್ತಿ ಕಡೆ ಎರಿ ಭೂಮಿ ಆಳಕ್ಕ ರೆಂಟಿ ಹೊಡಿಯಾಕ, ರಾಮದುರ್ಗದಾಗ ಕಬ್ಬು ಹೇರಾಕ ಅದೇ ಬೇಕು. ಆದರ ಅದು ವರ್ಷದಾಗ ಎಷ್ಟು ದಿನದ ಕೆಲಸ? ಅಷ್ಟು ದಿನ ಬಾಡಿಗಿ ತರ್ರಿ. ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರ ಮಾಡಿರೋದು ಇದಕ್ಕೇ. ಹರಗೋದು, ಮಡಿ ಮಾಡೋದು, ಔಷಧ ಹೊಡಿಯೋದು, ಸಂತಿಗೆ ಕಾಯಿಪಲ್ಲೆ ಒಯ್ಯೋದು: ದಿನದ ಕೆಲಸಕ್ಕ ಸಣ್ಣದು ಸಾಕು.

5/6
ಇದು ಬರೇ ಮಷಿನ್ ಮಾತಲ್ಲ. ನಮ್ಮ ದೋಸ್ತ ಒಬ್ಬನ ಮನ್ಯಾಗ ಇರೋದು ಎರಡೂವರೆ ಎಕರೆ. ಎತ್ತು ಮಾರಿ, ಸಾಲ ಮಾಡಿ, ದೊಡ್ಡ ಟ್ರ್ಯಾಕ್ಟರ್ ತಂದ್ರು. ಹಾರ ಹಾಕಿ, ಡಿಜೆ ಹಚ್ಚಿ ರೀಲ್ ಮಾಡಿದ. ನಾವೆಲ್ಲಾ ಬೆಂಕಿ ಎಮೋಜಿ ಹಾಕಿದ್ವಿ, ನಾನೂ ಹಾಕೀನಿ. ಈಗ ಕಂತು ಕಟ್ಟಾಕ ಅಂವ ರಾತ್ರಿಯೆಲ್ಲಾ ಕಬ್ಬು ಹೇರ್ತಾನ. ಕ್ಲಾಸಿಗೆ ಬರಾಕ ಆಗವಲ್ದು. ಬೆಂಚಿನ್ಯಾಗ ಅವನ ಜಾಗ ಖಾಲಿ ಐತಿ. ಆ ಕಂತಿನಾಗ ನಮ್ಮ ಎಮೋಜಿದೂ ಒಂದು ಪಾಲು ಐತಿ.

6/6
ಕಿತ್ತೂರಿನ ಮಸಾರಿ ಇರ್ಲಿ, ಸವದತ್ತಿ ಎರಿ ಇರ್ಲಿ, ನಿಮ್ಮ ಮನ್ಯಾಗ ಟ್ರ್ಯಾಕ್ಟರ್ ಮಾತು ಬಂದ್ರ ಅಪ್ಪಗ ಮೂರು ಪ್ರಶ್ನೆ ಕೇಳ್ರಿ. ಹೊಲ ಎಷ್ಟು? ವರ್ಷಕ್ಕ ಎಷ್ಟು ದಿನ ಓಡ್ತೈತಿ? ಕಂತು ಹೊಲ ಕಟ್ಟತೈತೋ, ಮಗ ಕಟ್ಟಬೇಕೋ?

ಕಾಕಾನ ಗಾಡಿ ಮ್ಯಾಲೆ ಸಾಲ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿದವನ ನೋಡಿ ನಗೋದು ಬಿಡ್ರಿ.

ಇನ್ನೂ ನಗು ಬರ್ತಿದ್ರ ಕಾಮೆಂಟಿನಾಗ ನಿಮ್ಮ ಹೊಲ ಎಷ್ಟು ಎಕರೆ ಅಂತ ಬರೀರಿ. ಮಾತಾಡೋಣು.

#ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ #ಸಣ್ಣಟ್ರ್ಯಾಕ್ಟರ್