ಬೊಮ್ಮಸಂದ್ರಕ್ಕೆ ಹೋಗೋ ಮುಂಚೆ ಜಾಮ್ಠಾ ನೋಡಿ

ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಜನ ಕೂರುವ ಕ್ರಿಕೆಟ್ ಸ್ಟೇಡಿಯಂ ಕಟ್ಟುವ ಯೋಜನೆಗೆ 2025ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ಒಪ್ಪಿಗೆ ಕೊಟ್ಟಿತು. ಊರಿಂದ ಫೋನ್ ಮಾಡುವವರೆಲ್ಲ "ಒಳ್ಳೇದೇ ಆಯ್ತು ಬಿಡಿ" ಅಂತಾರೆ. ನಾಗಪುರದಲ್ಲಿರುವ ನನಗೆ ಮಾತ್ರ ಹಾಗನ್ನಿಸುತ್ತಿಲ್ಲ. ಈ ಪ್ರಯೋಗ ಇಲ್ಲಿ ಆಗಲೇ ಆಗಿ ಹೋಗಿದೆ ಸ್ವಾಮಿ.

ಇಲ್ಲಿನ ಹಳೇ ಮೈದಾನ ಇರೋದು ಸಿವಿಲ್ ಲೈನ್ಸ್‌ನಲ್ಲಿ, ಊರ ನಡುವೆ. 1969ರಲ್ಲಿ ಅಲ್ಲಿ ಮೊದಲ ಟೆಸ್ಟ್ ಆಯಿತು. 1987ರ ವಿಶ್ವಕಪ್‌ನಲ್ಲಿ ಚೇತನ್ ಶರ್ಮಾ ಹ್ಯಾಟ್ರಿಕ್, ಗವಾಸ್ಕರ್ ಅವರ ಒಂದೇ ಒಂದು ಒನ್‌ಡೇ ಶತಕ, ಎರಡೂ ಅಲ್ಲೇ, ಒಂದೇ ದಿನ. ಸದರ್ ಕಡೆಯ ಜನ ನಡೆದೇ ಹೋಗಿ ಮ್ಯಾಚ್ ನೋಡಬಹುದಿತ್ತು. 1995ರ ನವೆಂಬರ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧದ ಒನ್‌ಡೇ ದಿನ ಅಲ್ಲಿ ಗೋಡೆ ಕುಸಿದು ಪ್ರೇಕ್ಷಕರು ಸತ್ತದ್ದೂ ನಿಜ. ಆದರೆ ಕುಸಿದದ್ದು ಗೋಡೆ, ಸಿವಿಲ್ ಲೈನ್ಸ್ ಅಲ್ಲ.

2008ರಲ್ಲಿ ಅಂತಾರಾಷ್ಟ್ರೀಯ ಪಂದ್ಯಗಳನ್ನೆಲ್ಲ ಜಾಮ್ಠಾಕ್ಕೆ ಸಾಗಿಸಿದರು. ಹಳೇದರಲ್ಲಿ ಸುಮಾರು 40,000 ಆಸನ, ಹೊಸದರಲ್ಲಿ ಸುಮಾರು 45,000. ಜಮಾ ಕಡೆ ಐದು ಸಾವಿರ ಕುರ್ಚಿ. ಖರ್ಚಿನ ಕಡೆ ವಾರ್ಧಾ ರಸ್ತೆಯಲ್ಲಿ 15 ಕಿ.ಮೀ. ಮಿಕ್ಕಿದ ದಾರಿ! ಅಲ್ಲಿನ ಮೊದಲ ಟೆಸ್ಟೇ ಗಂಗೂಲಿ ಅವರ ಕೊನೇ ಟೆಸ್ಟ್, ಎದುರಿಗೆ ಆಸ್ಟ್ರೇಲಿಯಾ. ಆದರೂ ಸಾಲುಸಾಲು ಕುರ್ಚಿ ಖಾಲಿ. ಮೆಟ್ರೊ ಬಂದದ್ದು 2019ರಲ್ಲಿ, ಅದೂ ಖಾಪ್ರಿಯಲ್ಲೇ ನಿಂತಿತು. ಪುಣೆಯಲ್ಲಿರುವ ಕನ್ನಡಿಗರನ್ನು ಕೇಳಿ, ಗಹುಂಜೆ ಸ್ಟೇಡಿಯಂನಿಂದ ರಾತ್ರಿ ಮನೆ ಸೇರುವ ಕಥೆ ಹೇಳ್ತಾರೆ.

ಹೊಸ ಮೈದಾನದಿಂದ ಒಳ್ಳೇದೇ ಆಗಿಲ್ಲ ಅನ್ನೋಲ್ಲ. ವಿದರ್ಭ 2019ರಲ್ಲಿ, 2025ರಲ್ಲಿ ರಣಜಿ ಟ್ರೋಫಿ ಎತ್ತಿದ್ದು ಜಾಮ್ಠಾದಲ್ಲೇ. 2025ರ ಫೈನಲ್‌ನಲ್ಲಿ ನಮ್ಮ ಬೆಂಗಳೂರಿನ ಹುಡುಗ ಕರುಣ್ ನಾಯರ್ ವಿದರ್ಭಕ್ಕಾಗಿ 86 ಮತ್ತು 135 ಹೊಡೆದರು. ಇಲ್ಲಿರುವ ಕನ್ನಡಿಗರು ಯಾರ ಕಡೆ ಚಪ್ಪಾಳೆ ತಟ್ಟಬೇಕು ಅಂತ ಯೋಚಿಸುವ ಗೋಜೇ ಇರಲಿಲ್ಲ, ಎದುರಿಗಿದ್ದದ್ದು ಕೇರಳ! ಆದರೆ ರಣಜಿ ಅನ್ನೋದು ಕೆಲಸದ ದಿನ ನಡೆಯುವ ಆಟ. ಕಾಲೇಜು ಮುಗಿಸಿದ ಹುಡುಗ, ರಿಟೈರಾದ ಮೇಷ್ಟ್ರು, ಒಂದು ಗಂಟೆ ಬಿಡುವು ಸಿಕ್ಕ ಅಂಗಡಿಯವನು, ಇವರೇ ಅದರ ಪ್ರೇಕ್ಷಕರು. ಕಾರಿಲ್ಲದ ಇವರನ್ನು ದೂರ ತಳ್ಳಿ, ಆಮೇಲೆ "ರಣಜಿಗೆ ಜನ ಬರಲ್ಲ" ಅಂತ ಗೊಣಗುವುದು ಯಾವ ನ್ಯಾಯ?

ಈಗ ಚಿನ್ನಸ್ವಾಮಿಗೆ ಬರೋಣ. 2025ರ ಜೂನ್ 4ರಂದು 11 ಜನ ಸತ್ತರು. ಆ ಸ್ಟೇಡಿಯಂ ಭಾರಿ ಜನಸಂದಣಿಗೆ ಸುರಕ್ಷಿತವಲ್ಲ ಅಂತ ನ್ಯಾಯಮೂರ್ತಿ ಕುನ್ಹಾ ಆಯೋಗವೂ ಹೇಳಿತು. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಅವತ್ತು ಅಲ್ಲಿ ಮ್ಯಾಚೇ ಇರಲಿಲ್ಲ, ಇದ್ದದ್ದು ವಿಜಯೋತ್ಸವ. ಜನ ಸತ್ತದ್ದು ಗೇಟಿನ ಹೊರಗೆ. ಗೇಟು ನಿಭಾಯಿಸೋದು ಕಲಿಯದೆ 80,000 ಕುರ್ಚಿ ಹಾಕಿದರೆ ನೂಕುನುಗ್ಗಲು ನಿಲ್ಲುವುದಿಲ್ಲ, ಆನೇಕಲ್ ತಾಲ್ಲೂಕಿಗೆ ಟ್ರಾನ್ಸ್‌ಫರ್ ಆಗುತ್ತೆ, ಅಷ್ಟೆ.

ಬೊಮ್ಮಸಂದ್ರಕ್ಕೆ ಮೆಟ್ರೊ ಬಂದಿದೆಯಲ್ಲ ಅನ್ನುತ್ತೀರಿ. ಸರಿ, ಸ್ಟೇಷನ್ನಿಂದ ಗೇಟಿನ ತನಕ? ರಾತ್ರಿ ಹನ್ನೊಂದೂವರೆಗೆ ವಾಪಸ್? ಇದಕ್ಕೆ ಉತ್ತರ ಬರೆದಿಟ್ಟು ಆಮೇಲೆ ಬುನಾದಿ ತೋಡಲಿ. ಐಪಿಎಲ್ ಬೇಕಾದರೆ ಅಲ್ಲಿಗೆ ಹೋಗಲಿ. ರಣಜಿ ಮಾತ್ರ ಚಿನ್ನಸ್ವಾಮಿಯಲ್ಲೇ ಇರಲಿ. ಕೆಲವು ಸಾವಿರ ಜನ ಬರುವ ಆಟಕ್ಕೆ ಆ ಗೇಟುಗಳು ಧಾರಾಳ ಸಾಕು.